ಸತ್ಯಾಂಶ: ‘ಫಾಲ್’ ಅಮೆರಿಕದಲ್ಲಿ ಹುಟ್ಟಿದ ಪದವಲ್ಲ

ಎಲೆ ಉದುರುವ ಕಾಲಕ್ಕೆ ‘ಆಟಮ್’ ಅನ್ನುವುದೇ ಅಚ್ಚ ಇಂಗ್ಲಿಷ್, ‘ಫಾಲ್’ ಅಮೆರಿಕದವರು ಹುಟ್ಟಿಸಿದ್ದು ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

‘ಆಟಮ್’ ಹೊರಗಿನಿಂದ ಬಂದದ್ದು. ಲ್ಯಾಟಿನ್‌ನಿಂದ ಫ್ರೆಂಚ್‌ಗೆ, ಅಲ್ಲಿಂದ 14ನೇ ಶತಮಾನದ ಹೊತ್ತಿಗೆ ಇಂಗ್ಲಿಷ್‌ಗೆ ಬಂತು. ‘ಫಾಲ್’ ಇಂಗ್ಲೆಂಡಿನದೇ. 16ನೇ ಶತಮಾನದಲ್ಲಿ ಅಲ್ಲಿನವರು ‘ಫಾಲ್ ಆಫ್ ದ ಲೀಫ್’, ಅಂದರೆ ಎಲೆ ಬೀಳುವ ಕಾಲ ಎನ್ನುತ್ತಿದ್ದರು. ಆಮೇಲೆ ಬರೀ ‘ಫಾಲ್’ ಉಳಿಯಿತು. ವಲಸೆ ಹೋದವರು ಅದನ್ನು ಅಮೆರಿಕಕ್ಕೆ ಒಯ್ದರು. ಬ್ರಿಟನ್ನಿನಲ್ಲಿ ಅದರ ಬಳಕೆ ಕಡಿಮೆಯಾಯಿತು, ಅಷ್ಟೇ.

ಇವೆರಡಕ್ಕಿಂತ ಹಳೆಯ ಪದ ‘ಹಾರ್ವೆಸ್ಟ್’. ನನಗೆ ತುಂಬಾ ಇಷ್ಟವಾದ ಸಂಗತಿ ಇದು. ಹಳೆಯ ಇಂಗ್ಲಿಷ್‌ನಲ್ಲಿ ಅದು ಋತುವಿನ ಹೆಸರೇ ಆಗಿತ್ತು. ಕೊಯ್ಲು ಎಂಬ ಅರ್ಥ ಗಟ್ಟಿಯಾದದ್ದು ಆಮೇಲೆ. ಜರ್ಮನ್‌ನ ‘ಹೆರ್ಬ್ಸ್ಟ್’, ಡಚ್‌ನ ‘ಹೆರ್ಫ್ಸ್ಟ್’ ಅದರ ಒಡಹುಟ್ಟಿದವು. ಅವು ಇವತ್ತಿಗೂ ಋತುವಿನ ಹೆಸರುಗಳೇ. ಇವುಗಳ ಬೇರಿನ ಅರ್ಥ ಕೀಳುವುದು, ಕೊಯ್ಯುವುದು. ನಮ್ಮ ‘ಸುಗ್ಗಿ’ಯೂ ಬೆಳೆ ಮತ್ತು ಕಾಲ ಎರಡನ್ನೂ ಒಟ್ಟಿಗೆ ಹೇಳುತ್ತದೆ, ಅಲ್ವಾ? ಇಂಗ್ಲಿಷ್‌ನಂತೆ ಡೇನಿಶ್‌ನಲ್ಲೂ ಆ ಹಳೆಯ ಪದ ಕೊಯ್ಲಿಗೇ ಸೀಮಿತವಾಯಿತು. ಋತುವಿಗೆ ಅವರು ‘ವರ್ಷದ ಹಿಂಭಾಗ’ ಎಂಬ ಅರ್ಥದ ಬೇರೊಂದು ಪದ ಬಳಸುತ್ತಾರೆ.