ಪಹಣಿಗೆ ಪೌತಿ ಖಾತೆಯಿದೆ, ಇ-ಪುಸ್ತಕಕ್ಕೆ ಏಕಿಲ್ಲ?

ನಿನ್ನೆ ಸಂಜೆ ಅಕ್ಕನ ಮೊಬೈಲಿಗೆ ಬಂದ ಇ-ಮೇಲ್ ಓದಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ಭಾವ ತೀರಿಕೊಂಡದ್ದು ಇಲ್ಲಿರುವ ಹಳೆಯ ಗೆಳೆಯರಿಗೆಲ್ಲ ಗೊತ್ತಿದೆ, ಅವರ ಓದಿನ ಹುಚ್ಚು ಎಂಥದ್ದೆಂಬುದೂ ಗೊತ್ತಿದೆ. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂದವಾದ ಮೇಲೆ ಅವರು ಅಚ್ಚಿನ ಪುಸ್ತಕಗಳನ್ನು ಬದಿಗಿಟ್ಟು, ಅಕ್ಷರಗಳನ್ನು ಪುಟಕ್ಕೆ ಏಳೆಂಟು ಸಾಲು ಮಾತ್ರ ಹಿಡಿಸುವಷ್ಟು ದೊಡ್ಡದು ಮಾಡಿಕೊಂಡು ಇ-ಪುಸ್ತಕಗಳನ್ನು ಓದುತ್ತಿದ್ದರು. ಅದೂ ಆಗದ ದಿನಗಳಲ್ಲಿ ಹಣ ಕೊಟ್ಟು ಕೊಂಡ ಆಡಿಯೊ ಪುಸ್ತಕಗಳನ್ನೂ ಗಮಕ ವಾಚನಗಳನ್ನೂ ಅಕ್ಕನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳುತ್ತಿದ್ದರು. ಆ ಪುಸ್ತಕಗಳಿರುವ ಭಾವನ ಖಾತೆಯನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಅಕ್ಕ ಮಗನಿಂದ ಬರೆಸಿದ್ದ ಮನವಿಗೆ ಅವನ್ನು ಮಾರಿದ ಕಂಪನಿಯಿಂದ ಬಂದ ಉತ್ತರ ಇಷ್ಟು: ಖಾತೆಯು ವೈಯಕ್ತಿಕವಾದದ್ದು, ಅದನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಸಾಧ್ಯವಿಲ್ಲ, ಮರಣ ಪ್ರಮಾಣಪತ್ರ ಕಳುಹಿಸಿದರೆ ಖಾತೆಯನ್ನು ಮುಚ್ಚಲು ನೆರವಾಗುತ್ತೇವೆ.

ಮರಣ ಪ್ರಮಾಣಪತ್ರ ಅವರಿಗೆ ಬೇಕಿರುವುದು ಮುಚ್ಚುವುದಕ್ಕೆ ಮಾತ್ರ. ನನ್ನನ್ನು ಕೆರಳಿಸಿದ್ದು ಈ ಒಂದು ಸಾಲು.

ನಾನು ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ನಮ್ಮ ಕಚೇರಿಗಳ ವಿಳಂಬದ ಬಗ್ಗೆ ಜನ ಆಡಿಕೊಳ್ಳುವುದನ್ನೆಲ್ಲ ಕೇಳಿದ್ದೇನೆ, ಅದರಲ್ಲಿ ಬಹುಪಾಲು ನಿಜವೂ ಹೌದು. ಆದರೆ ಖಾತೆದಾರ ತೀರಿಕೊಂಡ ಎಂಬ ಕಾರಣಕ್ಕೆ ಯಾವ ತಾಲ್ಲೂಕು ಕಚೇರಿಯೂ ಜಮೀನನ್ನು ಇಲ್ಲವಾಗಿಸುವುದಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಒಂದು ಅರ್ಜಿ, ಯಾರದಾದರೂ ತಕರಾರಿದ್ದರೆ ಅದರ ವಿಚಾರಣೆ, ಆಮೇಲೆ ಪೌತಿ ಖಾತೆ. ಪಹಣಿಯ 9ನೇ ಕಾಲಂನಲ್ಲಿ ಗಂಡನ ಹೆಸರಿದ್ದ ಜಾಗಕ್ಕೆ ಹೆಂಡತಿ ಮಕ್ಕಳ ಹೆಸರು ಬರುತ್ತದೆ. ಭಾವನ ಠೇವಣಿ ಅಕ್ಕನಿಗೆ ಬಂತು, ಸ್ಕೂಟರಿನ ಆರ್‌ಸಿ ಮಗನ ಹೆಸರಿಗಾಯಿತು, ಗ್ಯಾಸ್ ಸಂಪರ್ಕವೂ ಬದಲಾಯಿತು. ಅವರ ಬೀರುವಿನಲ್ಲಿದ್ದ ಅಚ್ಚಿನ ಪುಸ್ತಕಗಳಿಗಂತೂ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಬದುಕಿನ ಕೊನೆಯ ವರ್ಷಗಳಲ್ಲಿ ಪಿಂಚಣಿಯ ಹಣದಿಂದ ಒಂದೊಂದಾಗಿ ಕೊಂಡು, ಬದಿಯಲ್ಲಿ ಟಿಪ್ಪಣಿ ಬರೆದು, ಇಷ್ಟವಾದ ಸಾಲುಗಳಿಗೆ ಗುರುತು ಹಾಕಿಟ್ಟ ಪುಸ್ತಕಗಳು ಮಾತ್ರ ಅವರೊಂದಿಗೇ ಸತ್ತವು ಎನ್ನುತ್ತಾರೆ.

ಕಂಪನಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಈ ನಡೆ ಯಾವುದೋ ಒಂದು ಕಂಪನಿಯದಲ್ಲ, ಇಡೀ ವ್ಯಾಪಾರವೇ ಹೀಗೆ ನಡೆಯುತ್ತಿದೆ. ಅಮೆಜಾನ್‌ನ ಕಿಂಡಲ್ ಅಂಗಡಿಯ ಷರತ್ತುಗಳಲ್ಲಿ ಪುಸ್ತಕವನ್ನು ಮಾರುವುದಿಲ್ಲ, ಓದಲು ಪರವಾನಗಿ ಮಾತ್ರ ಕೊಡುತ್ತೇವೆ ಎಂದೇ ಬರೆದಿದೆ. ವಿಡಿಯೊ ಗೇಮ್‌ಗಳನ್ನು ಮಾರುವ ಸ್ಟೀಮ್‌ನ ಖಾತೆಯನ್ನು ಉಯಿಲಿನ ಮೂಲಕವೂ ಇನ್ನೊಬ್ಬರಿಗೆ ಕೊಡಲಾಗದೆಂದು ಅದರ ಗ್ರಾಹಕ ಸೇವಾ ವಿಭಾಗವೇ ಉತ್ತರಿಸಿದ್ದು 2024ರಲ್ಲಿ ಸುದ್ದಿಯಾಗಿತ್ತು. ಆ್ಯಪಲ್ 2021ರ ಡಿಸೆಂಬರಿನಲ್ಲಿ ವಾರಸುದಾರ ಸಂಪರ್ಕದ ವ್ಯವಸ್ಥೆಯನ್ನು ತಂದಾಗ ನಾನೂ ಸಂತೋಷಪಟ್ಟಿದ್ದೆ. ಅದರಿಂದ ತೀರಿಕೊಂಡವರ ಫೋಟೊಗಳು, ಸಂದೇಶಗಳು, ಕಡತಗಳು ಮನೆಯವರಿಗೆ ಸಿಗುತ್ತವೆ, ಆದರೆ ಹಣ ಕೊಟ್ಟು ಪಡೆದ ಸಿನಿಮಾ, ಸಂಗೀತ, ಪುಸ್ತಕ ಸಿಗುವುದಿಲ್ಲ. ಫ್ರೀಯಾಗಿ ತೆಗೆದ ಫೋಟೊ ಬರುತ್ತದೆ, ದುಡ್ಡು ಸುರಿದ ಪುಸ್ತಕ ಬರುವುದಿಲ್ಲ ಎಂಬ ಈ ಲೆಕ್ಕಾಚಾರ ನನಗೆ ಅರ್ಥವಾಗಿಲ್ಲ.

ಸಾಯುವವರೆಗೂ ಕಾಯಬೇಕಿಲ್ಲ ಎಂಬುದೂ ಸತ್ಯ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನು ಮುಚ್ಚಿದಾಗ ಕೊಂಡವರ ಪುಸ್ತಕಗಳೆಲ್ಲ ಹೋದವು. ಹಣವನ್ನೇನೋ ಹಿಂದಿರುಗಿಸಿದರು, ಪುಸ್ತಕಗಳಲ್ಲಿ ಟಿಪ್ಪಣಿ ಮಾಡಿಕೊಂಡಿದ್ದವರಿಗೆ 25 ಡಾಲರ್ ಹೆಚ್ಚಿಗೆ ಕೊಟ್ಟರು. ಓದುಗನ ಟಿಪ್ಪಣಿಗೂ ಒಂದು ಬೆಲೆಯಿದೆ ಎಂದು ಆ ಕಂಪನಿ ಒಪ್ಪಿಕೊಂಡದ್ದು ದೊಡ್ಡ ವಿಷಯವೇ, ಆದರೆ ಭಾವ ತಪ್ಪು ಬೆರಳಿಟ್ಟು, ಅಳಿಸಿ, ಮತ್ತೆ ಒತ್ತಿ ಬರೆದಿಟ್ಟ ಆ ಎರಡೆರಡು ಸಾಲುಗಳನ್ನು ಯಾವ ಡಾಲರಿನಿಂದ ತೂಗುವುದು? ಒಂದು ಟಿಪ್ಪಣಿಯಲ್ಲಿ ಅವರು ಅಕ್ಕನ ಹೆಸರು ಬರೆದು, ‘ಇದನ್ನು ಅವಳಿಗೆ ಓದಿ ಹೇಳಬೇಕು’ ಎಂದಿದ್ದಾರೆ. ಅಕ್ಕ ಅದನ್ನು ನನಗೆ ತೋರಿಸಿದಳು. ಸದ್ಯಕ್ಕೆ ಆ ಸಾಧನದಲ್ಲಿ ಭಾವನ ಖಾತೆ ತೆರೆದೇ ಇದೆ, ಹಾಗಾಗಿ ಕಾಣುತ್ತಿದೆ. ಏನನ್ನಾದರೂ ಒತ್ತಿದರೆ ಎಲ್ಲವೂ ಹೋದೀತೆಂಬ ಹೆದರಿಕೆಯಿಂದ ಅಕ್ಕ ಅದನ್ನು ಚಾರ್ಜಿಗೆ ಹಾಕುವಾಗಲೂ ಮಗನನ್ನು ಕರೆಯುತ್ತಾಳೆ.

ಪಾಸ್‌ವರ್ಡ್ ಗೊತ್ತಿದ್ದರೆ ಸಾಕಲ್ಲ, ಸುಮ್ಮನೆ ಬಳಸಿಕೊಂಡು ಹೋಗಲಿ ಬಿಡಿ ಎಂದು ಇಬ್ಬರು ಗೆಳೆಯರು ಆಗಲೇ ಸಲಹೆ ಕೊಟ್ಟಿದ್ದಾರೆ. ಅವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಒಟಿಪಿ ಬರುವುದು ಭಾವನ ಸಿಮ್ಮಿಗೆ, ರೀಚಾರ್ಜ್ ನಿಂತರೆ ಆ ಸಂಖ್ಯೆ ಮುಂದೊಂದು ದಿನ ಬೇರೆಯವರ ಪಾಲಾಗುತ್ತದೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಗಂಡ ನ್ಯಾಯವಾಗಿ ದುಡ್ಡು ಕೊಟ್ಟು ಕೊಂಡದ್ದನ್ನು ಹೆಂಡತಿ ಏಕೆ ಕಳ್ಳಗಿಂಡಿಯಿಂದ ನುಸುಳಿ ಓದಬೇಕು? ಸತ್ತವರ ಹೆಸರಿನಲ್ಲಿ ಬದುಕಿರುವವರು ಲಾಗಿನ್ ಆಗುವುದನ್ನೇ ಪರಿಹಾರವೆಂದು ಒಪ್ಪಿಕೊಳ್ಳಲು ನಾನು ತಯಾರಿಲ್ಲ.

ಇನ್ನು, ಡಿಜಿಟಲ್ ಪ್ರತಿಯನ್ನು ವಾರಸುದಾರರಿಗೆ ಬಿಟ್ಟರೆ ಲೇಖಕರಿಗೂ ಪ್ರಕಾಶಕರಿಗೂ ನಷ್ಟ ಎನ್ನುವ ವಾದ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷಗಳ ಕಾಲ ಆ ಹಕ್ಕು ಅವರ ಮಕ್ಕಳಿಗೆ, ಮೊಮ್ಮಕ್ಕಳಿಗೆ ಸಲ್ಲುತ್ತದೆ. ಸಲ್ಲಲೇಬೇಕು, ಅದರ ಬಗ್ಗೆ ನನಗೆ ಗೌರವವೇ ಇದೆ. ಆದರೆ ಬರೆದವರ ಹಕ್ಕು ಸಾವನ್ನು ದಾಟಿ 60 ವರ್ಷ ನಡೆಯುವಾಗ, ಕೊಂಡವರ ಒಂದೇ ಒಂದು ಪ್ರತಿ ಅವರ ಉಸಿರು ನಿಂತ ದಿನವೇ ಹೋಗಬೇಕು ಎನ್ನುವುದು ಯಾವ ನ್ಯಾಯ? ನಾವು ಕೇಳುತ್ತಿರುವುದು ನೂರು ನಕಲುಗಳನ್ನಲ್ಲ. ಒಂದು ಖಾತೆಯಿಂದ ತೆಗೆದು ಇನ್ನೊಂದು ಖಾತೆಗೆ ಹಾಕಿ ಎಂದಷ್ಟೇ ಕೇಳುತ್ತಿದ್ದೇವೆ, ಮತ್ತು ಇಂಥ ಲೆಕ್ಕವನ್ನು ಕಂಪ್ಯೂಟರಿಗಿಂತ ಚೆನ್ನಾಗಿ ಇಡಬಲ್ಲವರು ಯಾರೂ ಇಲ್ಲ. ಇ-ಪುಸ್ತಕ ಅಗ್ಗ, ಅದಕ್ಕೇ ಹಕ್ಕು ಕಡಿಮೆ ಎನ್ನುವವರಿಗೆ ಒಂದು ಮಾತು ನೆನಪಿಸುತ್ತೇನೆ: ಅಚ್ಚಿನ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಇ-ಪುಸ್ತಕಕ್ಕೆ ಇದೆ. ಅಚ್ಚಿನ ಪ್ರತಿಯೂ ಇರುವ ಇ-ಪುಸ್ತಕಗಳ ಮೇಲಿನ ತೆರಿಗೆಯನ್ನು 2018ರಲ್ಲಿ ಶೇಕಡಾ 18ರಿಂದ 5ಕ್ಕೆ ಇಳಿಸಿದರೇ ಹೊರತು ತೆಗೆಯಲಿಲ್ಲ. ತೆರಿಗೆಯನ್ನೂ ಕಟ್ಟಿದ ಮೇಲೆ ಉಳಿದದ್ದೇನು ಎಂದು ಕೇಳುವ ಹಕ್ಕು ಓದುಗನಿಗಿದೆ.

ಕಾನೂನು ಮನಸ್ಸು ಮಾಡಿದರೆ ದಾರಿ ಇಲ್ಲದಿಲ್ಲ. ಬರ್ಲಿನ್ನಿನಲ್ಲಿ 2012ರಲ್ಲಿ ತೀರಿಕೊಂಡ 15 ವರ್ಷದ ಹುಡುಗಿಯ ಫೇಸ್‌ಬುಕ್ ಖಾತೆಯನ್ನು ನೋಡಲು ಹೆತ್ತವರಿಗೆ ಅವಕಾಶ ಕೊಡಬೇಕೆಂದು ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯವು 2018ರಲ್ಲಿ ತೀರ್ಪು ಕೊಟ್ಟಿತು. ಕಾಗದ ಪತ್ರಗಳು, ದಿನಚರಿಗಳು ವಾರಸುದಾರರಿಗೆ ಸೇರುವಂತೆ ಖಾತೆಯ ಒಪ್ಪಂದವೂ ಸೇರುತ್ತದೆ ಎಂದು ಅದು ಕಂಡಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಕೊಡುತ್ತಿರುವುದು ಪರವಾನಗಿ ಮಾತ್ರ ಎಂಬುದನ್ನು ಕೊಳ್ಳುವವರಿಗೆ ಮೊದಲೇ ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನು ಜಾರಿಯಲ್ಲಿದೆ. ಅದರಿಂದ ವಾರಸುದಾರರಿಗೆ ಏನೂ ಸಿಗುವುದಿಲ್ಲವಾದರೂ, ಕೊಳ್ಳುವಾಗಲಾದರೂ ಕಣ್ಣು ತೆರೆದಿರುತ್ತದೆ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸಾವಿನ ನಂತರ ನಮ್ಮ ಪರವಾಗಿ ಹಕ್ಕು ಚಲಾಯಿಸಲು ನಾಮನಿರ್ದೇಶನ ಮಾಡುವ ಅವಕಾಶ ಕೊಟ್ಟಿದೆ. ಆದರೆ ಅದು ನಮ್ಮ ಮಾಹಿತಿಯ ಕುರಿತಾದದ್ದು, ನಾವು ಕೊಂಡ ಪುಸ್ತಕದ ಕುರಿತಾದದ್ದಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಾಗಲಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಾಗಲಿ ಸತ್ತವರು ಬಿಟ್ಟುಹೋದದ್ದನ್ನು ಹಂಚಬಲ್ಲವು. ಸಾವಿನೊಂದಿಗೇ ಮುಗಿಯುತ್ತದೆ ಎಂದು ಒಪ್ಪಂದದಲ್ಲೇ ಬರೆದುಕೊಂಡಿರುವುದನ್ನು ಹಂಚುವುದಾದರೂ ಹೇಗೆ? ಸಂಸತ್ತು ಮಾಡಬೇಕಾದ ಕೆಲಸ ಇಲ್ಲಿದೆ: ಒಮ್ಮೆ ಪೂರ್ತಿ ಹಣ ಪಡೆದು ಕೊಟ್ಟ ಪುಸ್ತಕ, ಸಂಗೀತ, ಸಿನಿಮಾಗಳನ್ನು ಒಬ್ಬ ವಾರಸುದಾರನಿಗೆ ವರ್ಗಾಯಿಸುವುದನ್ನು ತಡೆಯುವ ಷರತ್ತು ಊರ್ಜಿತವಲ್ಲ ಎಂದು ಒಂದು ಕಲಮು ಸೇರಿಸಬೇಕು. ತಿಂಗಳ ಚಂದಾ ಕಟ್ಟಿ ನೋಡುವುದರ ಮಾತು ಬೇರೆ, ಅದನ್ನು ನಾನು ಕೇಳುತ್ತಿಲ್ಲ.

ಸಂಸತ್ತು ದೂರವಿದೆ, ಕನ್ನಡದ ಇ-ಪುಸ್ತಕ ಮತ್ತು ಆಡಿಯೊ ಪುಸ್ತಕಗಳನ್ನು ಮಾರುವವರು ಹತ್ತಿರವಿದ್ದಾರೆ. 2016ರ ಡಿಸೆಂಬರಿನಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳ ಪುಸ್ತಕಗಳನ್ನು ಆರಂಭಿಸಿದಾಗ ಅದರಲ್ಲಿ ಕನ್ನಡ ಇರಲಿಲ್ಲ. ನಮ್ಮ ಓದುಗರನ್ನು ಕೈಹಿಡಿದದ್ದು ನಮ್ಮವರೇ ಕಟ್ಟಿದ ಚಿಕ್ಕ ಆ್ಯಪ್‌ಗಳು. ಅವರ ಶ್ರಮವನ್ನು ಬಲ್ಲೆ. ಅವರಲ್ಲಿ ಕೆಲವರು ನನ್ನ ಈ ಬರಹವನ್ನು ಓದುತ್ತಾರೆಂದೂ ಬಲ್ಲೆ. ದೊಡ್ಡ ಕಂಪನಿಗಳು ಮಾಡಲಿ ಎಂದು ಕಾಯದೆ, ಖಾತೆ ತೆರೆಯುವ ಪುಟದಲ್ಲಿ ನಾಮಿನಿಯ ಹೆಸರಿಗೊಂದು ಜಾಗ ಇಡಿ, ಮತ್ತು ಮರಣ ಪ್ರಮಾಣಪತ್ರ ಬಂದಾಗ ಪುಸ್ತಕಗಳನ್ನೂ ಟಿಪ್ಪಣಿಗಳನ್ನೂ ಆ ಹೆಸರಿಗೆ ಬದಲಾಯಿಸಿಕೊಡಿ. ಪ್ರಕಾಶಕರ ಜೊತೆಗಿನ ನಿಮ್ಮ ಕರಾರಿನಲ್ಲಿ ಅದಕ್ಕೆ ಅಡ್ಡಿಯಿದ್ದರೆ ಯಾವ ಕಲಮಿನಲ್ಲಿದೆ ಎಂದು ತಿಳಿಸಿ. ಪ್ರಕಾಶಕರೊಂದಿಗೆ ಮಾತನಾಡಲು ನಾನೂ ಬರುತ್ತೇನೆ. ಅಕ್ಕನ ಪರವಾಗಿ ಗ್ರಾಹಕ ವ್ಯವಹಾರಗಳ ಇಲಾಖೆಗೆ ಬರೆಯುತ್ತಿರುವ ಮನವಿಯ ಕರಡು ಸಿದ್ಧವಾಗಿದೆ. ಗೆಳೆಯರಲ್ಲಿ ವಕೀಲರಿದ್ದೀರಿ, ಕಳುಹಿಸುವ ಮೊದಲು ಒಮ್ಮೆ ಓದಿ ತಿದ್ದಿಕೊಡಿ.