ಕಾದಂಬರಿಗೊಂದು ರಸೀದಿ ಪುಸ್ತಕ

ಬೆಂಗಳೂರಿನಲ್ಲಿ ಚಂದಾ ಎತ್ತುವುದು ಕಷ್ಟದ ಕೆಲಸ ಅಂತ ಯಾರೂ ಹೇಳಲಾರರು. ಗಣೇಶನ ಹಬ್ಬ ಹತ್ತಿರ ಬಂದಾಗ ನಮ್ಮ ಬೀದಿಯ ಹುಡುಗರು ರಸೀದಿ ಪುಸ್ತಕ ಹಿಡಿದು ಗೇಟಿಗೆ ಒರಗಿ ನಿಂತರೆ ಸಾಕು, ‘ಐನೂರು ಬರ್ಕೊಳ್ಲಾ ಅಂಕಲ್?’ ಎಂಬ ಪ್ರಶ್ನೆಯೊಳಗೇ ಉತ್ತರವೂ ಇರುತ್ತದೆ. ಆ ಸುಸ್ತು ಆರುವ ಮೊದಲೇ ರಾಜ್ಯೋತ್ಸವ. ಅದು ನವೆಂಬರ್ 1ಕ್ಕೆ ಶುರುವಾಗಿ, ಆರ್ಕೆಸ್ಟ್ರಾದವರ ಬಿಡುವು ನೋಡಿಕೊಂಡು ಡಿಸೆಂಬರ್‌ವರೆಗೂ ನಡೆಯುತ್ತದೆ. ಕೊಡದವರ ಮನೆಯ ಕಿಟಕಿ ಕಡೆಗೆ ಪೆಂಡಾಲಿನ ಸ್ಪೀಕರ್ ತಿರುಗುತ್ತದೆ. ನನ್ನ ಕಾದಂಬರಿಯ ಹತ್ತಿರ ಅಂಥ ಸ್ಪೀಕರ್ ಇರಲಿಲ್ಲ.

ಹಸ್ತಪ್ರತಿ ಓದಿದ ಪ್ರಕಾಶಕರೊಬ್ಬರು ‘ಚೆನ್ನಾಗಿದೆ, ಎರಡು ವರ್ಷ ಕಾಯಿರಿ’ ಅಂದರು. ಇನ್ನೊಬ್ಬರು ಓದದೆಯೇ ಅದನ್ನೇ ಅಂದರು. ಅವರನ್ನು ದೂರುವಂತಿಲ್ಲ, ಹೆಸರಿಲ್ಲದವನ ಮೊದಲ ಕಾದಂಬರಿ ಎಂದರೆ ಈಗ ಐನೂರು ಪ್ರತಿ, ಹೆಚ್ಚೆಂದರೆ ಸಾವಿರ. ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವುದುಂಟು, ಆದರೆ ಯುವ ಬರಹಗಾರರಿಗೆ. ನನ್ನ ತಲೆಗೂದಲು ಆ ಅರ್ಜಿಗೆ ಒಪ್ಪಲಿಲ್ಲ. ಕೊನೆಗೆ ಚಾಮರಾಜಪೇಟೆಯ ಪ್ರೆಸ್ಸಿನವರೊಬ್ಬರು ಕ್ಯಾಲ್ಕುಲೇಟರ್ ಒತ್ತಿದರು. ಡೆಮಿ 1/8 ಅಳತೆ, 240 ಪುಟ, ಹದಿನಾರು ಪುಟದ ಫಾರಂ ಲೆಕ್ಕದಲ್ಲಿ 15 ಫಾರಂ, 70 ಜಿಎಸ್‌ಎಂ ಕಾಗದ, ಡಿಟಿಪಿ, ಮುಖಪುಟ, ಕರಡು ತಿದ್ದುವವರ ಖರ್ಚು. ‘ಎಂಬತ್ತು ಸಾವಿರ ಇಟ್ಕೊಳಿ ಸಾರ್.’ ಇಟ್ಟುಕೊಳ್ಳುವುದಕ್ಕೇನೂ ಅಭ್ಯಂತರವಿರಲಿಲ್ಲ, ಇರಲಿಲ್ಲ ಅಷ್ಟೆ.

ಆಗ ಗೆಳೆಯನೊಬ್ಬ ‘ಕ್ರೌಡ್‌ಫಂಡಿಂಗ್ ಮಾಡು, ಲೂಸಿಯಾ ಮಾಡ್ಲಿಲ್ವಾ?’ ಅಂದ. ಕನ್ನಡದಲ್ಲಿ ಈ ಮಾತು ತೆಗೆದವರೆಲ್ಲ 2013ರ ಆ ಸಿನಿಮಾದ ಹೆಸರು ಹೇಳದೆ ಮುಂದಿನ ವಾಕ್ಯಕ್ಕೆ ಹೋಗುವುದಿಲ್ಲ. ಜನ ದುಡ್ಡು ಹಾಕಿದರು, ಸಿನಿಮಾ ಗೆದ್ದಿತು, ನಿಜ. ಸಿನಿಮಾದಲ್ಲಿ ಹಾಡುಗಳಿರುತ್ತವೆ ಎಂಬುದನ್ನು ಅವನು ಹೇಳಲಿಲ್ಲ. ಕಿಕ್‌ಸ್ಟಾರ್ಟರ್‌ನಲ್ಲಿ ಯೋಜನೆ ಹಾಕಲು ಭಾರತದಲ್ಲಿರುವವರಿಗೆ ಅವಕಾಶವಿಲ್ಲವಾದ್ದರಿಂದ ಇಲ್ಲಿಯದೇ ಒಂದು ತಾಣ ಹಿಡಿದು, ಫೋಟೊ ಹಾಕಿ, ‘ನನಗೆ ನಿಮ್ಮ ನೆರವು ಬೇಕು’ ಎಂದು ಬರೆದು, ಕೊಂಡಿಯನ್ನು ನಂಟರ ಗುಂಪು, ಅಪಾರ್ಟ್‌ಮೆಂಟ್ ಗುಂಪು, ಹೈಸ್ಕೂಲ್ ಗುಂಪು ಎಲ್ಲದಕ್ಕೂ ಕಳಿಸಿ ಮಲಗಿದೆ.

ಬೆಳಗ್ಗೆ ಆರೂಕಾಲಿಗೆ ತುಮಕೂರಿನಿಂದ ದೊಡ್ಡಮ್ಮನ ಫೋನು. ದನಿ ಆಗಲೇ ಒದ್ದೆ.

‘ಯಾವ ಆಸ್ಪತ್ರೆನೋ ಮಗಾ?’

‘ಆಸ್ಪತ್ರೆ ಅಲ್ಲ ದೊಡ್ಡಮ್ಮ, ಕಾದಂಬರಿ.’

‘ಮುಚ್ಚಿಡಬೇಡ. ಕಿಡ್ನಿನಾ?’

ನಮ್ಮಲ್ಲಿ ಇಂಥ ತಾಣದ ಕೊಂಡಿ ಬಂತೆಂದರೆ ಯಾರೋ ಐಸಿಯುನಲ್ಲಿದ್ದಾರೆ ಎಂದೇ ಅರ್ಥ. ನಾನು ಹಾಕಿದ್ದ ಫೋಟೊ ಕೂಡ ಆ ಅನುಮಾನಕ್ಕೆ ಸಾಕಷ್ಟು ಪುಷ್ಟಿ ಕೊಡುತ್ತಿತ್ತು. ಅಪಾರ್ಟ್‌ಮೆಂಟ್ ಗುಂಪಿನಲ್ಲಿ ಕೈಮುಗಿಯುವ ಚಿತ್ರಗಳು ಸಾಲುಗಟ್ಟಿದ್ದವು. ಮೂರನೇ ಮಹಡಿಯವರು ಮೃತ್ಯುಂಜಯ ಮಂತ್ರದ ಆಡಿಯೊ ಕಳಿಸಿದ್ದರು. ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಒಂದು ಸಾವಿರ ಹಾಕಿ ‘ಬೇಗ ಗುಣಮುಖರಾಗಿ’ ಎಂದು ಬರೆದಿದ್ದರು. ಅದು ಕಾದಂಬರಿ ಎಂದು ತಿಳಿಸಿದಾಗ, ‘ಪರವಾಗಿಲ್ಲ, ಇಟ್ಕೊಳಿ, ಅದೂ ಒಂಥರಾ ಹಾಗೇ ಅಲ್ವಾ’ ಅಂದರು. ನಿಜ ಸಂಗತಿ ತಿಳಿದ ಮೇಲೆ ದೊಡ್ಡಮ್ಮನ ಅಳು ನಿಂತಿತು, ಆ ಕೂಡಲೇ ಕನಿಕರವೂ ನಿಂತಿತು. ‘ಕಾದಂಬರಿಗೆಲ್ಲಾ ಯಾರಾದ್ರೂ ದುಡ್ಡು ಕೇಳ್ತಾರೇನೋ?’ ಎಂದು ಫೋನಿಟ್ಟರು. ಕಿಡ್ನಿಗೆ ಎಷ್ಟು ಕೊಡುತ್ತಿದ್ದರೋ ಎಂದು ಆ ದಿನವಿಡೀ ಯೋಚಿಸಿದೆ.

ಮೊದಲ ವಾರ ಹಣ ಬಂತು. ಆಮೇಲೆ ನಿಂತಿತು. ಇಂಥ ಯೋಜನೆಗಳಿಗೆಲ್ಲ ಶುರುವಿನಲ್ಲೊಂದು ಭರಾಟೆ, ಕೊನೆಯಲ್ಲೊಂದು ಭರಾಟೆ, ನಡುವೆ ಮರುಭೂಮಿ ಇರುವುದು ಮಾಮೂಲು ಎಂದು ತಿಳಿದವರು ಹೇಳಿದ್ದರು. ಆದರೆ ನಡುರಾತ್ರಿ ಪುಟವನ್ನು ಮತ್ತೆ ಮತ್ತೆ ಕೆಳಗೆಳೆದು ಬಿಡುವಾಗ ಗ್ರಾಫಿನ ಜ್ಞಾನ ಕೆಲಸಕ್ಕೆ ಬರುವುದಿಲ್ಲ. ಒಮ್ಮೆ ಒಂದು ರೂಪಾಯಿ ಬಂತು. ಯಾರೋ ಪರೀಕ್ಷೆ ಮಾಡಿ ನೋಡಿದ್ದಾರೆ, ಹಿಂದೆಯೇ ದೊಡ್ಡ ಮೊತ್ತ ಬರುತ್ತದೆ ಎಂದು ಬೆಳಗಿನವರೆಗೆ ಕಾದೆ. ಅದೇ ಮೊತ್ತವಂತೆ. ಇನ್ನು ಹಾಲಿನ ಬೂತಿನಲ್ಲಿ, ಟೀ ಅಂಗಡಿಯಲ್ಲಿ ಸೌಂಡ್‌ಬಾಕ್ಸ್ ‘ಹದಿನೈದು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಕೂಗಿದಾಗಲೆಲ್ಲ ನನ್ನ ಕೈ ತಾನಾಗಿಯೇ ಜೇಬಿನ ಫೋನಿಗೆ ಹೋಗುತ್ತಿತ್ತು. ಟೀ ಮಾರುವವನಿಗೆ ನಿಮಿಷಕ್ಕೊಮ್ಮೆ ಓದುಗರು ಸಿಗುತ್ತಿದ್ದರು.

ನಂಟರ ಕಡೆಯಿಂದ ಬಂದ ಮೊತ್ತಗಳು ವಿಚಿತ್ರವಾಗಿದ್ದವು: 251, 101, 501, ಒಂದು ಕಡೆಯಿಂದ 116. ಕಾರಣ ತಿಳಿದದ್ದು ಅತ್ತೆಯ ಮನೆಗೆ ಹೋದಾಗ. ಅತ್ತೆ ಬೀರುವಿನಿಂದ ಮುಯ್ಯಿ ಬರೆದಿಟ್ಟ ನೋಟ್‌ಬುಕ್ಕನ್ನೇ ತಂದರು. ‘ನೋಡಪ್ಪಾ, ನಮ್ಮ ಸುಮನ ಮದುವೆಗೆ ನೀನು ಕೊಟ್ಟಿದ್ದು ಇನ್ನೂರೈವತ್ತೊಂದು. ಗೃಹಪ್ರವೇಶಕ್ಕೆ ಬರ್ಲೇ ಇಲ್ಲ. ಲೆಕ್ಕ ಸರಿಹೋಯ್ತಲ್ಲ?’ ಸಾಹಿತ್ಯದ ಮಾತೇ ಅಲ್ಲಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ನಾನು ತಪ್ಪಿಸಿಕೊಂಡ ಪ್ರತಿ ನಾಮಕರಣ, ಪ್ರತಿ ಆರತಕ್ಷತೆಯೂ ಈಗ ಕಾದಂಬರಿಯ ಒಂದೊಂದು ಪುಟವನ್ನು ಹರಿಯುತ್ತಿತ್ತು. ಮೊದಲೇ ಗೊತ್ತಿದ್ದರೆ ಬರೆಯುವುದಕ್ಕೆ ಮುಂಚೆ ಒಂದು ಮದುವೆ ಸೀಸನ್ನು ಪೂರ್ತಿ ಬಂಡವಾಳ ಹೂಡುತ್ತಿದ್ದೆ.

ಅಪ್ಪ ಮಾತ್ರ ಇದನ್ನೆಲ್ಲ ಹೊಸದೆಂದು ಒಪ್ಪಲಿಲ್ಲ. ‘ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ಚಂದಾದಾರರನ್ನ ನಂಬ್ಕೊಂಡೇ ಪುಸ್ತಕ ತಂದಿಲ್ವೇನೋ? ಗಳಗನಾಥರು ಪುಸ್ತಕದ ಗಂಟು ತಲೆ ಮೇಲೆ ಹೊತ್ಕೊಂಡು ಊರೂರು ತಿರುಗಿ ಮಾರಿದ್ರು. ನೀನು ಕೂತಲ್ಲೇ ಬೆರಳಲ್ಲಿ ಒತ್ತಿ ಸುಸ್ತಾಯ್ತು ಅಂತೀಯ.’ ಚರಿತ್ರೆ ಗೊತ್ತಿರುವ ತಂದೆಯ ಎದುರು ಕಷ್ಟ ಹೇಳಿಕೊಳ್ಳಬಾರದು. ಅಂದ ಹಾಗೆ, ಗಳಗನಾಥರ ಹೆಸರು ಹೇಳಿದ ಅಪ್ಪ ಅದುವರೆಗೂ ಏನೂ ಹಾಕಿರಲಿಲ್ಲ.

ಮರುಭೂಮಿಯಿಂದ ನನ್ನನ್ನು ಎತ್ತಿದವರು ನನ್ನ ಷಡ್ಡಕರು. ದಾನಿಗಳಿಗೆ ಕೊಡುವ ಬಹುಮಾನಗಳ ಪಟ್ಟಿಯಲ್ಲಿ ಒಂದು ಸಾಲು ಹೀಗಿತ್ತು: ಐದು ಸಾವಿರ ಕೊಟ್ಟವರ ಹೆಸರನ್ನು ಕಾದಂಬರಿಯ ಒಂದು ಪಾತ್ರಕ್ಕೆ ಇಡಲಾಗುವುದು. ಷಡ್ಡಕರು ನಿಂತ ನಿಲುವಿನಲ್ಲಿ ಐದು ಸಾವಿರ ಕಳಿಸಿ, ಯಾವ್ಯಾವ ಪಾತ್ರ ಖಾಲಿ ಇದೆ ಅಂತ ಕೇಳಿದರು. ಒಬ್ಬ ಸೆಕ್ಯುರಿಟಿ ಗಾರ್ಡ್, ಒಬ್ಬ ಆಟೊ ಡ್ರೈವರ್, ಕೆರೆ ಒತ್ತುವರಿ ಮಾಡಿ ಸೈಟು ಹಂಚುವ ಒಬ್ಬ ಬ್ರೋಕರ್ ಎಂದೆ. ‘ಯಾರಿಗೆ ಪುಟ ಜಾಸ್ತಿ?’ ಬ್ರೋಕರಿಗೆ. ‘ಹಂಗಾದ್ರೆ ಅದೇ ಇರ್ಲಿ.’

ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿರುವವರು, ಫೈಲು ಓದದೆ ಸಹಿ ಹಾಕುವವರಲ್ಲ. ಪಿಡಿಎಫ್ ತರಿಸಿಕೊಂಡು ಓದಿದರು. ಎರಡನೇ ದಿನ ಫೋನು: ‘ಆ ತಹಶೀಲ್ದಾರ್‌ಗೆ ಕವರ್ ಕೊಡೋದು ಬೇಡ ಕಣ್ರೀ. ನಮ್ಮ ವಿಜಿಲೆನ್ಸ್‌ನೋರು ಓದಿದ್ರೆ?’ ಕವರ್ ತೆಗೆದು ಹೂಗುಚ್ಛ ಇಟ್ಟೆ. ಆಮೇಲೆ ಕುಡಿಯುವ ದೃಶ್ಯ ಹೋಗಿ ಬಾದಾಮಿ ಹಾಲು ಬಂತು. ಅಷ್ಟರಲ್ಲಿ ನಾದಿನಿಯ ಫೋನು. ಅವಳ ದನಿ ತೀರ ಸಭ್ಯವಾಗಿತ್ತು, ಅದೇ ಹೆದರಿಕೆ.

‘ಭಾವ, ಎಂಟನೇ ಅಧ್ಯಾಯದಲ್ಲಿ ಇವರ ಜೊತೆ ನಂದಿಬೆಟ್ಟಕ್ಕೆ ಹೋಗ್ತಾಳಲ್ಲ, ಅವಳು ಯಾರು?’

‘ಅದು ಕಲ್ಪನೆ ಕಣಮ್ಮ.’

‘ಕಲ್ಪನಾನಾ? ಇವರ ಬ್ರಾಂಚಲ್ಲೇ ಇದ್ದಾಳಾ?’

ನನ್ನ ಹೆಂಡತಿ ‘ರೀ, ಆ ಐದು ಸಾವಿರ ವಾಪಸ್ ಕೊಟ್ಟು ಕೈತೊಳ್ಕೊಳಿ’ ಅಂದಳು. ಅದು ಆಗಲೇ ಲೆಕ್ಕಕ್ಕೆ ಸೇರಿ, ತಾಣದಲ್ಲಿ ಎಷ್ಟು ಹಣ ಬಂತೆಂದು ತೋರಿಸುವ ಪಟ್ಟಿ ಅದರಿಂದ ಹಸಿರಾಗಿತ್ತು. ನಂದಿಬೆಟ್ಟದ ಪ್ರಯಾಣ ರದ್ದಾಯಿತು. ಒಂಬತ್ತನೇ ಅಧ್ಯಾಯದಲ್ಲಿ ಬ್ರೋಕರ್ ಲಾರಿ ಹಾಯ್ದು ಸಾಯಬೇಕಿತ್ತು. ‘ವರ್ಷಾಂತ್ಯದಲ್ಲಿ ಗ್ರಹಗತಿ ಸರಿ ಇಲ್ಲ’ ಎಂದು ಷಡ್ಡಕರ ತಾಯಿ ಹೇಳಿಕಳಿಸಿದ್ದರಿಂದ ಲಾರಿ ಪಕ್ಕದಲ್ಲಿ ಹಾದುಹೋಯಿತು. ಹೀಗೆ ಕೊನೆಯ ಕರಡಿನಲ್ಲಿ ಕೆರೆ ಒತ್ತುವರಿಯಾಗಿದೆ, ಸೈಟುಗಳು ಮಾರಾಟವಾಗಿವೆ, ಮನೆಗಳೆದ್ದು ಮಳೆಯಲ್ಲಿ ಮುಳುಗಿವೆ, ಆದರೆ ಅದನ್ನೆಲ್ಲ ಮಾಡಿದವರು ಮಾತ್ರ ಯಾರೂ ಇಲ್ಲ. ಬೆಂಗಳೂರಿನ ವಾಸ್ತವಕ್ಕೆ ನನ್ನ ಕಾದಂಬರಿ ಮೊದಲು ಇಷ್ಟು ಹತ್ತಿರ ಇರಲಿಲ್ಲ.

ಕೊನೆಯ ಎರಡು ದಿನಗಳಲ್ಲಿ ಎಲ್ಲಿಂದಲೋ ಹಣ ಬಂದು ಗುರಿ ಮುಟ್ಟಿತು. ಅಪ್ಪನೂ ಹಾಕಿದರು, ‘ಹಿತೈಷಿ’ ಎಂಬ ಹೆಸರಿನಲ್ಲಿ. ಇಮೇಲ್ ವಿಳಾಸ ಮಾಡಿಕೊಟ್ಟವನು ನಾನೇ ಎಂಬುದು ಅವರಿಗೆ ಮರೆತಿತ್ತು. ಕೈಗೆ ಸಿಕ್ಕಿದ್ದು ಮಾತ್ರ ಗುರಿಗಿಂತ ಕಡಿಮೆ: ತಾಣದ ಶುಲ್ಕ, ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಪುಸ್ತಕಕ್ಕಾಗಿ ಕೈಯೊಡ್ಡಿದ್ದಕ್ಕೆ ಇದೆ. ಅಂಚೆಯಲ್ಲಾದರೂ ಉಳಿಸೋಣವೆಂದರೆ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲೇ ನಿಂತುಹೋಗಿತ್ತು.

ಬಸವನಗುಡಿಯ ಒಂದು ಪುಟ್ಟ ಸಭಾಂಗಣದಲ್ಲಿ ಬಿಡುಗಡೆ. ಉಪ್ಪಿಟ್ಟು, ಕೇಸರಿಬಾತು, ಫಿಲ್ಟರ್ ಕಾಫಿ. ಪುಸ್ತಕ ಕೈಗೆ ಬಂದವರೆಲ್ಲ ಅದನ್ನು ಹಿಂದಿನಿಂದ ತೆರೆದರು. ಕೊನೆಯ ಫಾರಂನಲ್ಲಿ ಉಳಿದಿದ್ದ ಮೂರು ಪುಟಗಳಲ್ಲಿ ದಾನಿಗಳ ಹೆಸರಿತ್ತು. ತಾಣದಿಂದ ಬಂದ ಹೆಸರುಗಳು ಯೂನಿಕೋಡ್ ಅಕ್ಷರದವು, ಡಿಟಿಪಿಯವರದು ‘ನುಡಿ’ ತಂತ್ರಾಂಶದ ಅಕ್ಷರ. ಒಂದರಿಂದ ಇನ್ನೊಂದಕ್ಕೆ ದಾಟುವ ದಾರಿಯಲ್ಲಿ ಆ ಮೂರು ಪುಟಗಳ ಅರ್ಕಾವೊತ್ತುಗಳೆಲ್ಲ ಉದುರಿದ್ದವು. ಶರ್ಮ ಅವರು ಶಮ ಆಗಿದ್ದರು, ಕೀರ್ತಿ ಕೀತಿಯಾಗಿದ್ದಳು. ಅವರು ಹೇಗೋ ಸಹಿಸಿಕೊಂಡಾರು. ಆದರೆ ಸಭೆಯಲ್ಲಿದ್ದ ಮೂರ್ತಿಗಳೆಲ್ಲ ಸಾಮೂಹಿಕವಾಗಿ ಮೂತಿಗಳಾಗಿದ್ದರು. ಅತಿಥಿಗಳ ಭಾಷಣ ನಡೆಯುತ್ತಿದ್ದಾಗಲೇ ಹಿಂದಿನ ಸಾಲಿನಿಂದ ಗುಸುಗುಸು ಎದ್ದಿತು. ಕಾಫಿ ಹೊತ್ತಿನಲ್ಲಿ ಹಿರಿಯ ಮೂರ್ತಿಗಳೊಬ್ಬರು ನನ್ನ ಭುಜ ಹಿಡಿದು, ‘ನಮ್ಮ ಮನೇಲಿ ಇವಳು ಮೂವತ್ತು ವರ್ಷದಿಂದ ಬಾಯಲ್ಲಿ ಹೇಳ್ತಿದ್ಲು, ನೀವು ಅಚ್ಚೇ ಹಾಕಿಸಿದ್ರಿ’ ಎಂದರು. ಪಕ್ಕದಲ್ಲಿ ಅವರ ಹೆಂಡತಿ ಇನ್ನೂ ಎರಡು ಪ್ರತಿ ಕೊಂಡುಕೊಳ್ಳುತ್ತಿದ್ದರು.

ಒಳಗಿನ 237 ಪುಟಗಳ ಬಗ್ಗೆ ಬಹಳ ದಿನ ಯಾರೂ ಸೊಲ್ಲೆತ್ತಲಿಲ್ಲ. ಹೆಸರು ಸಿಕ್ಕಿತೇ ಎಂದು ಕೇಳಿದರೆ ಸಿಕ್ಕಿತು ಎನ್ನುತ್ತಿದ್ದರು. ಷಡ್ಡಕರು ತಮ್ಮ ಪಾತ್ರ ಬರುವ ಪುಟಗಳಿಗೆ ಹಳದಿ ಚೀಟಿ ಅಂಟಿಸಿ ಬ್ರಾಂಚಿನಲ್ಲಿಟ್ಟಿದ್ದರಂತೆ. ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ಅಪರಿಚಿತ ನಂಬರಿನಿಂದ ಕರೆ. ಇನ್ನೂರು ರೂಪಾಯಿ ಹಾಕಿದ್ದವರು, ನಿವೃತ್ತರು, ಜರಗನಹಳ್ಳಿ ಕಡೆಯವರು.

‘ನಿಮ್ಮ ಕಾದಂಬರಿ ಮುಗಿಸಿದೆ ಸಾರ್. ನೂರಾ ಹನ್ನೆರಡನೇ ಪುಟ ತೆಗೀರಿ. 2019ರ ಕಥೆ ಅಂತೀರಿ. ನಿಮ್ಮ ಹೀರೊ ಕೋಣನಕುಂಟೆ ಕ್ರಾಸ್ ಮೆಟ್ರೊ ಸ್ಟೇಷನ್ನಲ್ಲಿ ಇಳೀತಾನೆ. ಆ ಸ್ಟೇಷನ್ ತೆಗೆದಿದ್ದೇ 2021ರ ಜನವರಿಲಿ. ಯಲಚೇನಹಳ್ಳಿಲೇ ಇಳಿಸ್ಬೇಕಾಗಿತ್ತು ಅವನನ್ನ.’

ಒಬ್ಬರು, ನನ್ನ ನಂಟರಲ್ಲದವರು, ನೂರಾ ಹನ್ನೆರಡನೇ ಪುಟದವರೆಗೆ ಬಂದು ಅದನ್ನು ದಾಟಿದ್ದಾರೆ! ಸಂತೋಷಕ್ಕೆ ಬಾಯಿಗೆ ಬಂದದ್ದು ಹೇಳಿಬಿಟ್ಟೆ.

‘ಅದು ಮ್ಯಾಜಿಕ್ ರಿಯಲಿಸಂ ಸಾರ್.’

ಆ ಕಡೆ ಸ್ವಲ್ಪ ಹೊತ್ತು ಪುಟ ತಿರುವುವ ಸದ್ದು.

‘ಹೌದಾ? ಬೆನ್ನುಡಿಲಿ ಬರ್ದಿಲ್ವಲ್ಲ ಮತ್ತೆ.’