ಸಿಲಬಸ್‌ನಲ್ಲಿದ್ದರೆ ಓಕೆ, ಸರ್ಕಲ್‌ನಲ್ಲಿ ಯಾಕೆ?

ಇವತ್ತು ಆಗಸ್ಟ್ 6, ಹಿರೋಶಿಮಾ ದಿನ. ಧಾರವಾಡದ ಜ್ಯುಬಿಲಿ ಸರ್ಕಲ್‌ನಲ್ಲಿ ಜಿಟಿಜಿಟಿ ಮಳೆಯಲ್ಲೇ ಒಂದಿಷ್ಟು ಕಾಲೇಜು ಹುಡುಗ ಹುಡುಗಿಯರು "ಅಣುಬಾಂಬ್ ಬೇಡ" ಅಂತ ಬೋರ್ಡ್ ಹಿಡಿದು ನಿಂತಿದ್ದರು. ಘೋಷಣೆ ಕೂಗಲಿಲ್ಲ, ಟ್ರಾಫಿಕ್ ತಡೆಯಲಿಲ್ಲ. ಆದರೂ ಗಾಡಿ ನಿಲ್ಲಿಸಿ ಬುದ್ಧಿ ಹೇಳುವವರಿಗೆ ಬರ ಇರಲಿಲ್ಲ.

"ಓದೂದು ಬಿಟ್ಟು ಇದೇನ್ರಪಾ? ಪಾಕಿಸ್ತಾನಕ್ಕ ಹೋಗಿ ಹೇಳ್ರಿ" ಅಂದರು ಒಬ್ಬರು.

"ಕಾಕಾ, ಅಲ್ಲಿ ಹುಡುಗರಿಗೆ ಇಂಡಿಯಾಕ್ಕ ಹೋಗಿ ಹೇಳ್ರಿ ಅಂತಿರ್ತಾರ್ರಿ" ಅಂದಳು ಒಬ್ಬ ಹುಡುಗಿ. ಕಾಕಾ ಗಾಡಿ ಸ್ಟಾರ್ಟ್ ಮಾಡಿದರು. ಇನ್ನೊಬ್ಬರು, ಕೈಗಾ ಬಂದ್ ಆದರೆ ಕರೆಂಟ್ ಯಾರು ಕೊಡ್ತಾರೆ ಅಂತ ಕೇಳಿದರು. ಬಾಂಬಿನ ಮಾತಿಗೆ ಕರೆಂಟಿನ ಉತ್ತರ. ಇರಲಿ ಬಿಡಿ.

ನನಗೆ ಉರಿದದ್ದು "ಓದೂದು ಬಿಟ್ಟು" ಅನ್ನೋ ಮಾತಿಗೆ. ಸ್ವಾಮಿ, ಅವರು ಓದಿದ್ದನ್ನೇ ಹೇಳ್ತಾ ಇದ್ದರು! ಇದು ಗಲ್ಲಿಗೊಂದು ಕೋಚಿಂಗ್ ಸೆಂಟರ್ ಇರೋ ಊರು. ಅಣ್ವಸ್ತ್ರ ನಿಷೇಧ ಒಪ್ಪಂದ ಜಾರಿಗೆ ಬಂದದ್ದು ಯಾವಾಗ? 2021ರ ಜನವರಿ 22. 2017ರಲ್ಲಿ ಅದರ ಪರ ಮತ ಹಾಕಿದ ದೇಶಗಳೆಷ್ಟು? 122. ಭಾರತ? ಆ ಮತದಾನಕ್ಕೇ ಹೋಗಲಿಲ್ಲ. 2024ರ ಶಾಂತಿ ನೊಬೆಲ್? ಬಾಂಬ್ ದಾಳಿಯಲ್ಲಿ ಬದುಕುಳಿದ ಜಪಾನಿಯರ ಸಂಘಟನೆ ನಿಹೋನ್ ಹಿಡಾಂಕ್ಯೋಗೆ. ಇಷ್ಟನ್ನು ಓಎಂಆರ್ ಶೀಟಿನಲ್ಲಿ ಕಪ್ಪು ಮಾಡಿದವನು ಜಾಣ, ಅವನ ಫೋಟೋ ಫ್ಲೆಕ್ಸ್ ಮೇಲೆ. "ಭಾರತ ಯಾಕೆ ಹೋಗಲಿಲ್ಲ" ಅಂತ ರಸ್ತೆಯಲ್ಲಿ ಕೇಳಿದವಳು ತಲೆ ಕೆಟ್ಟವಳು!

ಪಕ್ಕದವನ ಹತ್ರ ಇದ್ದ ಮೇಲೆ ನಮ್ಮ ಹತ್ರಾನೂ ಇರಬೇಡ್ವಾ, ನಾವಂತೂ ಮೊದಲು ಹಾಕಲ್ಲ ಅಂದಿದ್ದೀವಲ್ಲ ಅಂತೀರಿ. ಸರಿ. 2022ರ ಮಾರ್ಚ್ 9ರಂದು ನಮ್ಮದೇ ಕ್ಷಿಪಣಿ ಕೈತಪ್ಪಿ ಹಾರಿ ಪಾಕಿಸ್ತಾನದೊಳಗೆ ಬಿದ್ದದ್ದು ನೆನಪಿದೆಯಾ? ಪುಣ್ಯಕ್ಕೆ ಯಾರೂ ಸಾಯಲಿಲ್ಲ. ವಾಯುಪಡೆಯ ಮೂವರು ಅಧಿಕಾರಿಗಳನ್ನು ವಜಾ ಮಾಡಿದರು, ಅಲ್ಲಿಗೆ ಮುಗೀತು. ಕೈತಪ್ಪೋಕೆ ಯಾವ ನೀತಿ ಅಡ್ಡ ಬರುತ್ತೆ ಹೇಳಿ.

ನನಗೆ ದೇಶಪ್ರೇಮದ ಪಾಠ ಬೇಡ. ಅಕ್ಕನ ಮಗ ಸೇನೆಯಲ್ಲಿರೋದು ನಿಮಗೆ ಗೊತ್ತೇ ಇದೆ. ಹೋದ ವರ್ಷ 2025ರ ಮೇನಲ್ಲಿ ಪಾಕಿಸ್ತಾನದ ಜೊತೆ ಸಂಘರ್ಷ ಶುರುವಾಗಿ ಟಿವಿಯವರು ಕುಣಿದು ಕುಪ್ಪಳಿಸುವಾಗ ಅಕ್ಕ ಊಟ ಬಿಟ್ಟು ಫೋನ್ ಮುಂದೆ ಕೂತಿದ್ದಳು. ನಾನೂ ರಾತ್ರಿ ಸರಿಯಾಗಿ ಮಲಗಲಿಲ್ಲ. ಧೈರ್ಯ ಹೇಳೋಕೆ ಹೋದವನು ನಾನೇ ಹೆದರಿದ್ದೆ.

ಬೋರ್ಡ್ ಹಿಡಿದರೆ ಅಮೆರಿಕ, ರಷ್ಯಾ ಬಾಂಬ್ ಬಿಚ್ಚಿಡುತ್ತವಾ? ಇಲ್ಲ. ಆದರೆ ಆ ಒಪ್ಪಂದಕ್ಕೆ ವರ್ಷಗಟ್ಟಲೆ ಬೆನ್ನು ಬಿದ್ದವರಲ್ಲಿ ಇಂಥ ಸಾಮಾನ್ಯ ಜನರೂ ಇದ್ದರು. ಅವರ ಒಕ್ಕೂಟ ಐಕ್ಯಾನ್‌ಗೆ 2017ರಲ್ಲೇ ನೊಬೆಲ್ ಬಂತು. (ಇದೂ ಪರೀಕ್ಷೆಗೆ ಬರುತ್ತೆ, ಬರೆದುಕೊಳ್ಳಿ.)

ಭಾನುವಾರ ಒಂದು ಚರ್ಚೆ ಇಡೋಣ ಅಂತ ಹುಡುಗರು ಒಂದು ಕೋಚಿಂಗ್ ಸೆಂಟರಿನ ಹಾಲ್ ಕೇಳಿದ್ದರಂತೆ. "ಸಿಲಬಸ್‌ನ್ಯಾಗ ಇದ್ದಷ್ಟ ಮಾತಾಡೂದಾದ್ರ ಕೊಡ್ತೀನಿ" ಅಂದರಂತೆ ಸರ್. ನಮ್ಮ ಮನೆ ಮಹಡಿ ಖಾಲಿ ಇದೆ, ಬನ್ನಿ ಅಂದಿದ್ದೇನೆ. ಕುರ್ಚಿ ಮಾತ್ರ ಕಡಿಮೆ ಬೀಳುತ್ತವೆ. ಯಾರ ಹತ್ರ ಇದ್ದರೂ ಶನಿವಾರ ಸಂಜೆಯೊಳಗೆ ಕಳಿಸಿ. ಬೈಯೋರೂ ಬನ್ನಿ, ಕುರ್ಚಿ ನೀವೇ ತನ್ನಿ.